ಎಸೆಯದೆ ಉಳಿಸಿದ ಬೋರ್ಡ್: ದಾವಣಗೆರೆಯ ಒಂದು ಎಕ್ಸ್‌ಬಾಕ್ಸ್ 360 ಡ್ರೈವ್ ಪ್ರಕರಣ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯಿಂದ ನನ್ನ ರಿಪೇರಿ ಅಂಗಡಿಗೆ ಒಂದು ಎಕ್ಸ್‌ಬಾಕ್ಸ್ 360, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಆಟ ಆಡುವ ಮೈಕ್ರೋಸಾಫ್ಟ್‌ನ ಕನ್ಸೋಲ್, ಬಂತು. ತಂದವರು ಭಟ್ಟಿ ನಡೆಸುವ ಹಿರಿಯರೊಬ್ಬರು ಮತ್ತು ಪಿಯುಸಿ ಓದುತ್ತಿರುವ ಅವರ ಮಗಳು. ಕನ್ಸೋಲ್ ಅವಳ ಅಣ್ಣನದು. ಅವನು ಕೆಲಸಕ್ಕೆಂದು ಪುಣೆಗೆ ಹೋಗುವಾಗ ಅದನ್ನೂ ಒಂದು ರಾಶಿ ಆಟದ ಡಿಸ್ಕ್‌ಗಳನ್ನೂ ತಂಗಿಗೆ ಬಿಟ್ಟುಹೋಗಿದ್ದ. ಮೊದಮೊದಲು ಆಟ ಶುರುವಾಗಲು ತಡವಾಗುತ್ತಿತ್ತಂತೆ. ಆಮೇಲೆ ಡಿಸ್ಕ್ ಒಳಗಿದ್ದರೂ ತೆರೆಯ ಮೇಲೆ ‘ಓಪನ್ ಟ್ರೇ’ ಎಂದೇ ಬರತೊಡಗಿತು. ಬೇರೊಂದು ಕಡೆ ತೋರಿಸಿದರು. ಅಲ್ಲಿನವರು ಡ್ರೈವ್ ಪೂರ್ತಿ ಹೋಗಿದೆ ಎಂದು ಹೇಳಿ, ಕೆಟ್ಟು ನಿಂತಿದ್ದ ಇನ್ನೊಂದು ಕನ್ಸೋಲಿನಿಂದ ಬಿಚ್ಚಿದ ಡ್ರೈವನ್ನು ಹಾಕಿಕೊಟ್ಟರು.

ಆ ಡ್ರೈವ್ ಚೆನ್ನಾಗಿಯೇ ಇತ್ತು. ಟ್ರೇ ಸಲೀಸಾಗಿ ಬರುತ್ತಿತ್ತು, ಹಾಡಿನ ಸಿಡಿ ಓಡುತ್ತಿತ್ತು, ಸಿನಿಮಾದ ಡಿವಿಡಿ ಒಂದು ಚೌಕವೂ ಒಡೆಯದೆ ಓಡುತ್ತಿತ್ತು. ಆಟದ ಡಿಸ್ಕ್ ಹಾಕಿದರೆ ಮಾತ್ರ ಕನ್ಸೋಲ್ ಅದನ್ನು ಆಟವೆಂದು ಗುರುತಿಸದೆ ‘ಪ್ಲೇ ಡಿವಿಡಿ’ ಎಂದು ತೋರಿಸುತ್ತಿತ್ತು. ಒತ್ತಿದರೆ, ಈ ಡಿಸ್ಕನ್ನು ಎಕ್ಸ್‌ಬಾಕ್ಸ್ 360 ಕನ್ಸೋಲಿಗೆ ಹಾಕಿ ಎಂಬ ಸೂಚನೆ ಹಲವು ಭಾಷೆಗಳಲ್ಲಿ ಬರುತ್ತಿತ್ತು. ಮನೆಯ ಡಿವಿಡಿ ಪ್ಲೇಯರ್‌ಗೆ ಯಾರಾದರೂ ತಪ್ಪಿ ಆಟದ ಡಿಸ್ಕ್ ಹಾಕಿದರೆ ತೋರಿಸಲೆಂದು ಪ್ರತಿ ಡಿಸ್ಕಿನಲ್ಲೂ ಇಟ್ಟಿರುವ ಸಣ್ಣ ವಿಡಿಯೊ ಭಾಗ ಅದು. ಆಟ ಇರುವುದು ಬೇರೆ ಭಾಗದಲ್ಲಿ. ಆ ಭಾಗದ ಬಾಗಿಲು ತೆರೆದಿರಲಿಲ್ಲ.

ಈ ಲಕ್ಷಣ ಕಂಡರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಳೆಯ ಡ್ರೈವ್ ಎಲ್ಲಿದೆ?

“ಗುಜರಿಗೆ ಹಾಕಿಬಿಡಿ ಎಂದು ಅವರು ಹೇಳಿದ್ದರು. ಇವಳೇ ಬಿಡಲಿಲ್ಲ” ಎಂದರು ತಂದೆ.

“ಅಣ್ಣನ ವಸ್ತು ಅಲ್ಲವಾ ಅಂಕಲ್, ಬಂದಾಗ ಕೇಳುತ್ತಾನೆ ಎಂದು ಬೂಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ” ಎಂದಳು ಹುಡುಗಿ.

ಈ ಪ್ರಕರಣ ಗೆದ್ದದ್ದು ಅಲ್ಲೇ. ಮುಂದಿನದೆಲ್ಲ ತಾಳ್ಮೆಯ ಕೆಲಸ.

ಡ್ರೈವ್ ಮತ್ತು ಮದರ್‌ಬೋರ್ಡ್: ಬಿಡಿಸಲಾಗದ ಜೋಡಿ

2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಒಂದು ಕನ್ಸೋಲಿನ ಡಿವಿಡಿ ಡ್ರೈವನ್ನು ತೆಗೆದು ಇನ್ನೊಂದಕ್ಕೆ ಹಾಕಬಹುದಿತ್ತು. ಅಲ್ಲಿ ಮದರ್‌ಬೋರ್ಡಿಗೆ ಬೀಗ ಬಿದ್ದಿದ್ದದ್ದು ಹಾರ್ಡ್ ಡಿಸ್ಕಿಗೆ. 2005ರ ನವೆಂಬರ್‌ನಲ್ಲಿ ಬಂದ ಎಕ್ಸ್‌ಬಾಕ್ಸ್ 360ರಲ್ಲಿ ಮೈಕ್ರೋಸಾಫ್ಟ್ ಡ್ರೈವಿಗೇ ಬೀಗ ಹಾಕಿತು. ಕಾರ್ಖಾನೆಯಲ್ಲಿ ಜೋಡಿಸುವಾಗ ಪ್ರತಿ ಕನ್ಸೋಲಿಗೂ 16 ಬೈಟ್‌ಗಳ ಒಂದು ರಹಸ್ಯ ಕೀ ಕೊಡುತ್ತಾರೆ. ಅದರ ಒಂದು ಪ್ರತಿ ಡ್ರೈವಿನ ಫರ್ಮ್‌ವೇರ್, ಅಂದರೆ ಡ್ರೈವನ್ನು ನಡೆಸುವ ಅದರದೇ ಸಾಫ್ಟ್‌ವೇರ್, ಒಳಗಿರುತ್ತದೆ. ಇನ್ನೊಂದು ಮದರ್‌ಬೋರ್ಡಿನ ಫ್ಲಾಶ್ ಚಿಪ್‌ನಲ್ಲಿ ಗೂಢಲಿಪಿಯಾಗಿ ಅಡಗಿರುತ್ತದೆ. ಆಟದ ಡಿಸ್ಕ್ ಹಾಕಿದಾಗ ಕನ್ಸೋಲ್ ಕೆಲವು ಪ್ರಶ್ನೆಗಳನ್ನು ಡ್ರೈವಿಗೆ ಕಳಿಸುತ್ತದೆ, ಡ್ರೈವ್ ಡಿಸ್ಕಿನ ಭದ್ರತಾ ಭಾಗವನ್ನು ಓದಿ ಕೀ ಬಳಸಿ ಉತ್ತರ ಕೊಡುತ್ತದೆ. ಉತ್ತರ ಸರಿಬಂದರೆ ಆಟದ ಭಾಗ ತೆರೆಯುತ್ತದೆ. ಕೀ ಬೇರೆಯಾಗಿದ್ದರೆ ಡ್ರೈವ್ ಎಷ್ಟೇ ಆರೋಗ್ಯವಾಗಿರಲಿ, ಕನ್ಸೋಲಿನ ಕಣ್ಣಿಗೆ ಅದು ಬರೀ ಡಿವಿಡಿ ಪ್ಲೇಯರ್.

ಇದು ಗೊತ್ತಿಲ್ಲದೆ ಡ್ರೈವ್ ಬದಲಿಸುವವರು ಈಗಲೂ ಇದ್ದಾರೆ. ಟಿವಿ, ಡಿವಿಡಿ ಪ್ಲೇಯರ್, ಕಂಪ್ಯೂಟರ್ ರಿಪೇರಿಯಿಂದ ಬಂದ ನಮ್ಮಂಥವರ ಕೈಗೆ ಬೇರೆಯೇ ರೂಢಿಯಿದೆ. ಪ್ಲಗ್ ಕೂಡುತ್ತದೆಯೇ, ವೋಲ್ಟೇಜ್ ಸರಿಯಿದೆಯೇ, ಸ್ಕ್ರೂ ತೂತು ಹೊಂದುತ್ತದೆಯೇ ಎಂದಷ್ಟೇ ನೋಡಿ ಹಾಕಿಬಿಡುತ್ತೇವೆ. ಎಕ್ಸ್‌ಬಾಕ್ಸ್ 360ರ ಮೊದಲಿನ ದಪ್ಪ ಮಾದರಿಗಳಲ್ಲಿ ಈ ಮೂರೂ ಕೂಡಿಬರುತ್ತವೆ. ಯಾವ ಕಂಪನಿಯ ಡ್ರೈವ್ ಹಾಕಿದರೂ ದತ್ತಾಂಶ ಸಾಗಿಸುವ ಸಾಟಾ ಕೇಬಲ್ ಕೂರುತ್ತದೆ, ವಿದ್ಯುತ್ ಕೇಬಲ್ ಕೂರುತ್ತದೆ, ಟ್ರೇ ತೆರೆಯುತ್ತದೆ. ಹೊರಗಿನ ಹೊಂದಾಣಿಕೆ ಇಷ್ಟು ಪೂರ್ಣವಾಗಿರುವುದರಿಂದಲೇ ಒಳಗಿನ ಹೊಂದಾಣಿಕೆಯ ಕಡೆ ಗಮನ ಹೋಗುವುದಿಲ್ಲ.

ಯಾವ ಡ್ರೈವ್, ಯಾವ ಆವೃತ್ತಿ

ಬೂಟಿನ ಡಬ್ಬಿ ಮರುದಿನ ಬಂತು. ಬಿಚ್ಚುವ ಮುನ್ನ ಲೇಬಲ್‌ಗಳನ್ನು ಓದಿ ಬರೆದುಕೊಂಡೆ. ಈ ಕೆಲಸದಲ್ಲಿ ಅರ್ಧ ಉತ್ತರ ಲೇಬಲ್ ಮೇಲೆಯೇ ಇರುತ್ತದೆ.

ಕನ್ಸೋಲಿನ ಹಿಂಬದಿಯಲ್ಲಿ 12 ವೋಲ್ಟ್, 12.1 ಆಂಪಿಯರ್ ಎಂದಿತ್ತು. ಅಂದರೆ ಮದರ್‌ಬೋರ್ಡ್ ಜಾಸ್ಪರ್ ಎಂಬ ಮಾದರಿಯದು, ಅದರ ವಿದ್ಯುತ್ ಪೆಟ್ಟಿಗೆ 150 ವ್ಯಾಟ್‌ನದು. ತಯಾರಿಕೆ 2009. ಡಬ್ಬಿಯಲ್ಲಿದ್ದ ಮೂಲ ಡ್ರೈವ್ ಲೈಟ್‌-ಆನ್ ಕಂಪನಿಯ ಡಿಜಿ-16ಡಿ2ಎಸ್, ಫರ್ಮ್‌ವೇರ್ ಆವೃತ್ತಿ 83850ಸಿ. ಬದಲಿಗೆ ಹಾಕಿದ್ದದ್ದು ಬೆನ್‌ಕ್ಯೂ ವಿಎಡಿ6038.

ದಪ್ಪ ಮಾದರಿಯ ಎಕ್ಸ್‌ಬಾಕ್ಸ್ 360ಕ್ಕೆ ನಾಲ್ಕು ಕಡೆಯಿಂದ ಡ್ರೈವ್ ಬಂದಿವೆ. ಮೊದಲಿಗೆ ಹಿಟಾಚಿ-ಎಲ್‌ಜಿಯ ಜಿಡಿಆರ್-3120ಎಲ್ ಮತ್ತು ತೋಷಿಬಾ-ಸ್ಯಾಮ್‌ಸಂಗ್‌ನ ಟಿಎಸ್-ಎಚ್943. 2007ರ ಹೊತ್ತಿಗೆ ಬೆನ್‌ಕ್ಯೂ ಸೇರಿತು, 2008ರಲ್ಲಿ ಲೈಟ್‌-ಆನ್. ಸ್ಯಾಮ್‌ಸಂಗ್, ಬೆನ್‌ಕ್ಯೂ, ಲೈಟ್‌-ಆನ್ ಡ್ರೈವ್‌ಗಳ ಮಿದುಳು ಮೀಡಿಯಾಟೆಕ್ ಚಿಪ್. ಹಿಟಾಚಿಯದು ಬೇರೆಯದೇ ವಂಶ. ಹಿಟಾಚಿಯೊಳಗೇ ಆವೃತ್ತಿ 32ರಿಂದ 79ರವರೆಗೆ ಹಲವು ಕವಲುಗಳಿವೆ. ಲೈಟ್‌-ಆನ್‌ನಲ್ಲಿ 74850ಸಿ, 83850ಸಿ, 93450ಸಿ. ಹೊರಗಿನಿಂದ ಒಂದೇ ರೀತಿ ಕಾಣುವ ಇವುಗಳಿಂದ ಕೀ ಓದುವ ಕ್ರಮ ಒಂದೊಂದಕ್ಕೂ ಬೇರೆ. ಒಂದರ ಫರ್ಮ್‌ವೇರನ್ನು ಇನ್ನೊಂದಕ್ಕೆ ಬರೆದರೆ ಡ್ರೈವ್ ಏಳುವುದಿಲ್ಲ.

ಹೀಗಾಗಲು ಕಾರಣ ಫರ್ಮ್‌ವೇರಿನ ಕೆಲಸದಲ್ಲೇ ಇದೆ. ಕೀ ಇಟ್ಟುಕೊಳ್ಳುವುದು ಅದರ ಸಣ್ಣ ಪಾಲು. ಲೇಸರಿಗೆ ಎಷ್ಟು ಕರೆಂಟ್ ಕೊಡಬೇಕು, ಲೆನ್ಸ್ ಎಷ್ಟು ಮೇಲೆ ಕೆಳಗೆ ಆಡಬೇಕು, ಮೋಟರ್ ಯಾವ ವೇಗಕ್ಕೆ ಏರಬೇಕು, ಡಿಸ್ಕ್ ಅಲುಗಿದರೆ ಹೇಗೆ ಸರಿದೂಗಿಸಬೇಕು, ಇವೆಲ್ಲ ಆ 256 ಕಿಲೋಬೈಟ್‌ಗಳಲ್ಲೇ ಇವೆ. ಬೆನ್‌ಕ್ಯೂ ಯಂತ್ರಭಾಗಕ್ಕೆ ಬರೆದ ಲೆಕ್ಕ ಲೈಟ್‌-ಆನ್ ಲೇಸರಿಗೆ ಹೊಂದುವುದಿಲ್ಲ. ಹಾಗಾಗಿ ಲೈಟ್‌-ಆನ್ ಡ್ರೈವಿನ ಸರ್ಕ್ಯೂಟ್ ಬೋರ್ಡನ್ನು ಬಿಚ್ಚಿ ಬೆನ್‌ಕ್ಯೂ ಯಂತ್ರಭಾಗಕ್ಕೆ ಕೂರಿಸಿಬಿಡೋಣ ಎಂಬ ಸಲಹೆಗೆ ಇಲ್ಲಿ ಜಾಗವಿರಲಿಲ್ಲ. ಬೋರ್ಡ್ ಬದಲಾವಣೆ ಒಳ್ಳೆಯ ಮದ್ದೇ, ಆದರೆ ಒಂದೇ ಮಾದರಿಯ ಡ್ರೈವ್‌ಗಳ ನಡುವೆ ಮಾತ್ರ.

ಹೊಂದದ ಅಡಾಪ್ಟರ್ ಉಳಿಸಿದ ಕೀ

ಮೂಲ ಡ್ರೈವಿನ ಲೇಬಲ್ ಅಂಚಿನಲ್ಲಿ ಬ್ಲೇಡಿನಿಂದ ಸೀಳಿದ ಗೆರೆಯಿತ್ತು, ಸ್ಕ್ರೂಗಳ ತಲೆ ಸವೆದಿದ್ದವು. ಯಾರೋ ಬಿಚ್ಚಿ ನೋಡಿದ್ದಾರೆ. ತಂದೆಯನ್ನು ಕೇಳಿದಾಗ ಅಲ್ಲಿ ನಡೆದದ್ದು ತಿಳಿಯಿತು. ಡ್ರೈವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫರ್ಮ್‌ವೇರ್ ಬದಲಿಸಿದರೆ ಸರಿಹೋಗಬಹುದು, ಕಾಪಿ ಮಾಡಿದ ಡಿಸ್ಕ್‌ಗಳೂ ಓಡುತ್ತವೆ ಎಂದು ಪ್ರಯತ್ನಿಸಿದ್ದರಂತೆ. “ಅದು ಕಂಪ್ಯೂಟರಿನಲ್ಲಿ ಕಾಣಿಸಲೇ ಇಲ್ಲ ಎಂದರು, ಅದಕ್ಕೇ ಪೂರ್ತಿ ಸತ್ತಿದೆ ಎಂದು ಬೇರೆ ಹಾಕಿದರು” ಎಂದರು.

ಲ್ಯಾಪ್‌ಟಾಪ್ ಎಂದಾಗಲೇ ನನಗೆ ಸಮಾಧಾನವಾಯಿತು. ಲ್ಯಾಪ್‌ಟಾಪಿಗೆ ಡ್ರೈವ್ ಜೋಡಿಸುವುದು ಯುಎಸ್‌ಬಿ-ಸಾಟಾ ಅಡಾಪ್ಟರಿನ ಮೂಲಕ. ಆ ಅಡಾಪ್ಟರಿನ ಚಿಪ್ ಓದು, ಬರೆ, ಟ್ರೇ ತೆರೆ ಎಂಬಂಥ ಸಾಮಾನ್ಯ ಆಜ್ಞೆಗಳನ್ನಷ್ಟೇ ದಾಟಿಸುತ್ತದೆ. ಈ ಡ್ರೈವ್‌ಗಳ ಫರ್ಮ್‌ವೇರ್ ಮುಟ್ಟುವ ಸಾಧನಗಳು ಹುಟ್ಟಿದ್ದು ಬೇರೆ ಕಾಲದಲ್ಲಿ. ಅವು ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಡ್ರೈವ್‌ಗಳನ್ನು ನಿಭಾಯಿಸುವ ಸಾಟಾ ಕಂಟ್ರೋಲರ್ ಚಿಪ್ ಜೊತೆ ನೇರವಾಗಿ ಮಾತಾಡುತ್ತವೆ. ಮಧ್ಯೆ ಯುಎಸ್‌ಬಿ ಬಂದರೆ ಮಾತು ತಲುಪುವುದಿಲ್ಲ. ಕಂಟ್ರೋಲರ್ ಎಎಚ್‌ಸಿಐ ಎಂಬ ಹೊಸ ವಿಧಾನದಲ್ಲಿದ್ದರೂ ಅದೇ ಗತಿ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಹಳೆಯ ಐಡಿಇ ವಿಧಾನಕ್ಕೆ ತರಬೇಕು. ಎನ್‌ವಿಡಿಯಾದ ಎನ್‌ಫೋರ್ಸ್ ಚಿಪ್‌ಸೆಟ್ ಇರುವ ಮದರ್‌ಬೋರ್ಡ್‌ಗಳೂ ಈ ಕೆಲಸದಲ್ಲಿ ಕೈಕೊಡುತ್ತವೆ. ಬಲ್ಲವರೆಲ್ಲ ನೆಚ್ಚಿಕೊಂಡದ್ದು ವಿಐಎ ಕಂಪನಿಯ ವಿಟಿ6421 ಚಿಪ್ ಇರುವ, ಕಂಪ್ಯೂಟರಿನ ಒಳಗಿನ ಸ್ಲಾಟಿಗೆ ಸಿಕ್ಕಿಸುವ, ಆಗ ಅಗ್ಗಕ್ಕೆ ಸಿಗುತ್ತಿದ್ದ ಸಣ್ಣ ಪಿಸಿಐ ಕಾರ್ಡನ್ನು.

ಒಂದು ವೇಳೆ ಆ ಲ್ಯಾಪ್‌ಟಾಪಿಗೆ ಡ್ರೈವ್ ಕಂಡಿದ್ದರೆ? ಫ್ಲಾಶ್ ಚಿಪ್‌ಗೆ ಹೊಸದು ಬರೆಯುವ ಮೊದಲು ಇದ್ದದ್ದನ್ನು ಅಳಿಸಲೇಬೇಕು. ಕೀ ಇರುವುದು ಅದೇ ಚಿಪ್‌ನಲ್ಲಿ. ಮೊದಲು ಓದಿಟ್ಟುಕೊಳ್ಳದೆ ಅಳಿಸಿದರೆ 16 ಬೈಟ್‌ಗಳು ಹೋದವು, ಅವುಗಳೊಂದಿಗೆ ಆ ಮದರ್‌ಬೋರ್ಡಿನಲ್ಲಿ ಆಟದ ಡಿಸ್ಕ್ ಓಡಿಸುವ ಸುಲಭದ ದಾರಿಯೂ ಹೋಯಿತು. ಮದರ್‌ಬೋರ್ಡಿನಲ್ಲಿರುವ ಪ್ರತಿಯನ್ನು ಬಿಡಿಸಲು ಪ್ರೊಸೆಸರಿನ ಸ್ವಂತ ಕೀ ಬೇಕು, ಅದನ್ನು ಪಡೆಯಲು ರೂಢಿಯಲ್ಲಿದ್ದ, ಬೋರ್ಡಿನ ಮೇಲೆ ಕೂದಲೆಳೆಯಂಥ ತಂತಿಗಳನ್ನು ಬೆಸೆದು ಮಾಡುವ ಕೆಲಸ ಇನ್ನೂ ಕಷ್ಟದ್ದು. ಹದಿನೈದು ವರ್ಷ ದಾಟಿದ ಯಂತ್ರದ ಮೇಲೆ ಅಂಥ ಶಸ್ತ್ರಚಿಕಿತ್ಸೆಗೆ ನಾನು ಸುಲಭವಾಗಿ ಒಪ್ಪುವುದಿಲ್ಲ. ಆ ಅಡಾಪ್ಟರ್ ಹೊಂದದೇ ಹೋದದ್ದು ಈ ಮನೆಯವರ ಪುಣ್ಯ.

ಎರಡು ದಾರಿ, ಒಂದು ಆಯ್ಕೆ

ಮೂಲ ಡ್ರೈವಿನಿಂದ ಕೀ ಓದಿ, ಅದನ್ನು ಬೆನ್‌ಕ್ಯೂ ಡ್ರೈವಿನ ಫರ್ಮ್‌ವೇರಿಗೆ ಸೇರಿಸಿ ಬರೆಯುವುದು ಒಂದು ದಾರಿ. ಮೂಲ ಡ್ರೈವನ್ನೇ ಬದುಕಿಸುವುದು ಇನ್ನೊಂದು.

ಮೊದಲನೆಯದು ಬೇಗ ಮುಗಿಯುತ್ತದೆ, ಬಹಳ ಮಂದಿ ಅದನ್ನೇ ಮಾಡುತ್ತಾರೆ. ನಾನು ಹಿಂಜರಿದದ್ದಕ್ಕೆ ಕಾರಣಗಳಿವೆ. ಕೀ ಒಂದನ್ನೇ ಸಾಗಿಸಿದರೆ ಸಾಲದು. ಈ ಕನ್ಸೋಲಿನ ಜೊತೆ ಹುಟ್ಟಿದ ಡ್ರೈವ್ ಯಾವ ಕಂಪನಿಯ ಯಾವ ಆವೃತ್ತಿ ಎಂಬ ಗುರುತೂ ಮದರ್‌ಬೋರ್ಡಿನಲ್ಲಿದೆ. ಅಲ್ಲಿ ಲೈಟ್‌-ಆನ್ ಎಂದಿದ್ದು, ಕೇಬಲ್ ತುದಿಯಲ್ಲಿ ಬೆನ್‌ಕ್ಯೂ ಉತ್ತರಿಸಿದರೆ ಸಿಸ್ಟಂ ಅಪ್‌ಡೇಟ್ ವೇಳೆ ಇ66 ದೋಷ ಬಂದು ಕನ್ಸೋಲ್ ನಿಂತುಬಿಡಬಹುದು. ಅದನ್ನು ತಪ್ಪಿಸಲು ಬೆನ್‌ಕ್ಯೂ ತಾನು ಲೈಟ್‌-ಆನ್ ಎಂದು ಹೇಳಿಕೊಳ್ಳುವಂತೆ ತಿದ್ದಬೇಕು. ಒಂದು ತಿದ್ದುಪಡಿ ಮುಚ್ಚಲು ಇನ್ನೊಂದು ತಿದ್ದುಪಡಿ. ಎರಡು ವರ್ಷದ ಮೇಲೆ ಬೇರೊಬ್ಬ ರಿಪೇರಿಯವನು ಬಿಚ್ಚಿದರೆ, ಲೇಬಲ್ ಒಂದು ಹೇಳುತ್ತದೆ, ಡ್ರೈವ್ ಇನ್ನೊಂದು ಹೇಳುತ್ತದೆ. ಜೊತೆಗೆ ಆ ಬೆನ್‌ಕ್ಯೂ ಬೋರ್ಡಿನಲ್ಲೂ ಇನ್ಯಾರದೋ ಕನ್ಸೋಲಿನ ಕೀ ಇತ್ತು. ಅದರ ಮೇಲೆ ಬರೆದರೆ ಆ ಜೋಡಿಯೂ ಮುರಿಯುತ್ತದೆ.

ಮೂಲ ಡ್ರೈವಿನ ಕಾಯಿಲೆ ಏನೆಂದು ಯಾರೂ ನೋಡಿಯೇ ಇರಲಿಲ್ಲ ಎಂಬುದು ಇವೆಲ್ಲಕ್ಕಿಂತ ದೊಡ್ಡ ಕಾರಣ. ‘ಓಪನ್ ಟ್ರೇ’ ಎಂಬುದು ಫರ್ಮ್‌ವೇರ್ ಕೆಟ್ಟಿದೆ ಎಂಬುದರ ಗುರುತಲ್ಲ. ಹೆಚ್ಚಿನ ಸಲ ಅದು ಮಂಕಾದ ಲೇಸರಿನ ಗುರುತು.

ಮೊದಲು ಓದಿ ಇಟ್ಟುಕೊಂಡದ್ದು

ಯಂತ್ರಭಾಗಕ್ಕೆ ಕೈ ಹಾಕುವ ಮುಂಚೆ ಕೀಯನ್ನು ಓದಿ ಉಳಿಸಿಕೊಳ್ಳಬೇಕಿತ್ತು. ಬೆಸುಗೆ ಕಡ್ಡಿ ಹಿಡಿದ ಕೈ ಎಷ್ಟೇ ಪಳಗಿರಲಿ, ಒಂದು ಬೋರ್ಡ್ ಸಾಯಲು ಒಂದು ಕಿಡಿ ಸಾಕು. ಈ ಕೆಲಸಕ್ಕೆಂದೇ ಅಂಗಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಡೆಸ್ಕ್‌ಟಾಪ್ ಒಂದನ್ನು ಇಟ್ಟುಕೊಂಡಿದ್ದೇನೆ, ಅದರಲ್ಲಿ ವಿಟಿ6421 ಕಾರ್ಡ್ ಇದೆ. ಹೊಸ ಕಂಪ್ಯೂಟರ್‌ಗಳಲ್ಲಿ ಪಿಸಿಐ ಸ್ಲಾಟೇ ಇಲ್ಲವಾದ್ದರಿಂದ ಅದನ್ನು ಜೋಪಾನವಾಗಿ ನೋಡಿಕೊಳ್ಳುತ್ತೇನೆ.

ಡ್ರೈವಿನ ವಿದ್ಯುತ್ ಪ್ಲಗ್ ಕಂಪ್ಯೂಟರಿನದಲ್ಲ, ಎಕ್ಸ್‌ಬಾಕ್ಸಿನದೇ ವಿಶೇಷ ಪ್ಲಗ್. ಆದ್ದರಿಂದ ಡ್ರೈವಿಗೆ ಕನ್ಸೋಲಿನಿಂದ ವಿದ್ಯುತ್, ಡೆಸ್ಕ್‌ಟಾಪಿನಿಂದ ಸಾಟಾ ಕೇಬಲ್. ಇಲ್ಲೊಂದು ಅಪಾಯವಿದೆ, ಅದು ನಮ್ಮೂರುಗಳಲ್ಲೇ ಹೆಚ್ಚು. ಎರಡು ಯಂತ್ರಗಳು ಎರಡು ಬೇರೆ ಸಾಕೆಟ್‌ನಲ್ಲಿದ್ದು, ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಅವುಗಳ ಲೋಹದ ಕವಚಗಳ ನಡುವೆ ವೋಲ್ಟೇಜ್ ತೂಗಾಡುತ್ತಿರುತ್ತದೆ. ಬೆರಳು ತಾಗಿದರೆ ಜುಮ್ಮೆನ್ನುವ ಅದೇ ವೋಲ್ಟೇಜ್ ಸಾಟಾ ಕೇಬಲ್ ಸಿಕ್ಕಿಸಿದ ಕ್ಷಣ ಡ್ರೈವಿನ ಬೋರ್ಡಿನ ಮೂಲಕ ಹರಿಯುತ್ತದೆ. ಎರಡನ್ನೂ ಅರ್ಥಿಂಗ್ ಇರುವ ಒಂದೇ ಪಟ್ಟಿಗೆ ಹಾಕಿ, ಮೀಟರಿನಲ್ಲಿ ಕವಚದಿಂದ ಕವಚಕ್ಕೆ ಅಳೆದು, ಆಮೇಲೆ ಕೇಬಲ್ ಕೂರಿಸುವುದು ನನ್ನ ಕ್ರಮ. ಬೆಸ್ಕಾಂ ಕರೆಂಟ್ ಹೋಗುವ ಸಾಧ್ಯತೆಗೆ ಇಡೀ ಪಟ್ಟಿಯನ್ನು ಯುಪಿಎಸ್ ಮೇಲೆ ಇಡುತ್ತೇನೆ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ಕನ್ಸೋಲನ್ನು ಗೋಡೆಗೆ ಹಾಕುವವರಿದ್ದಾರೆ. ಬರೆಯುವ ನಡುವೆ ಡ್ರೈವಿಗೇ ಕರೆಂಟ್ ಹೋದರೆ ಕಂಪ್ಯೂಟರ್ ಉರಿಯುತ್ತಿದ್ದು ಏನು ಬಂತು?

ಈ ಪ್ರಕರಣದಲ್ಲಿ ಬರೆಯುವ ಮಾತೇ ಇರಲಿಲ್ಲ, ಓದುವುದಷ್ಟೇ. ಒಂದು ಸಲ ಓದಿ ನಂಬುವುದಿಲ್ಲ. ಪ್ರತಿ ಸಲವೂ ಡ್ರೈವಿನ ವಿದ್ಯುತ್ ತೆಗೆದು ಹಾಕಿ ಮತ್ತೆ ಓದಿ, ಫೈಲ್‌ಗಳನ್ನು ಬೈಟ್‌ನಿಂದ ಬೈಟ್‌ಗೆ ಹೋಲಿಸಿದೆ. ಎಲ್ಲವೂ ಒಂದೇ ಬಂದವು. ಕೀ ಜಾಗದಲ್ಲಿ ಬರೀ ಸೊನ್ನೆ ಅಥವಾ ಖಾಲಿ ಜಾಗದ ಗುರುತಾದ ಬರೀ ಎಫ್‌ಎಫ್ ಇದ್ದರೆ ಓದು ಸುಳ್ಳಾಗಿದೆ ಎಂದರ್ಥ. ಹಾಗೆ ಇರಲಿಲ್ಲ.

ಮಸಿ ಮತ್ತು ಲೇಸರ್

ಮುಚ್ಚಳ ತೆಗೆದಾಗ ಕಾರಣ ಕಣ್ಣಿಗೇ ಬಿತ್ತು. ಲೆನ್ಸ್ ಮೇಲೆ ತೆಳುವಾದ ಬೂದು ಪೊರೆ, ಅಂಚಿನಲ್ಲಿ ಅಂಟಿನಂಥ ಕಪ್ಪು. ಲೇಸರ್ ಜಾರುವ ಕಂಬಿಯ ಗ್ರೀಸಿಗೆ ಧೂಳು ಹಿಡಿದು ಗಟ್ಟಿಯಾಗಿತ್ತು. ಭಟ್ಟಿಯ ಪಕ್ಕದ ಮನೆ. ಹೊಗೆಯ ಮಸಿಯೂ ಭತ್ತದ ಸಿಪ್ಪೆಯ ಪುಡಿಯೂ ಬಟ್ಟೆಯ ಮೇಲೆ ಬಿದ್ದಂತೆಯೇ ಕನ್ಸೋಲಿನ ಫ್ಯಾನ್ ಎಳೆದುಕೊಂಡ ಗಾಳಿಯಲ್ಲೂ ಇರುತ್ತವೆ. ಬರೀ ಧೂಳಾದರೆ ಊದಿದರೆ ಹೋಗುತ್ತದೆ. ಮಸಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಅಂಟಿಕೊಳ್ಳುತ್ತದೆ.

ಆದರೂ ಈ ಡ್ರೈವಿನಲ್ಲಿ ಹಾಡಿನ ಸಿಡಿ ಓಡುತ್ತಿತ್ತು, ಸಿನಿಮಾದ ಡಿವಿಡಿ ಕೆಲವೊಮ್ಮೆ ಓಡುತ್ತಿತ್ತು, ಆಟ ಮಾತ್ರ ಇಲ್ಲ. ಇದನ್ನು ನೋಡಿಯೇ ಕೆಲವರು ಲೇಸರ್ ಚೆನ್ನಾಗಿದೆ, ಫರ್ಮ್‌ವೇರ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವುದು. ಸಿಡಿ ಓದುವುದು 780 ನ್ಯಾನೋಮೀಟರಿನ ಅವಗೆಂಪು ಲೇಸರ್, ಡಿವಿಡಿ ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್. ಸಿಡಿ ಓಡಿದ್ದರಿಂದ ಡಿವಿಡಿ ಲೇಸರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಇನ್ನು ಡಿವಿಡಿಯಲ್ಲೂ ಒಂದು ಪದರದ ಡಿಸ್ಕ್ ಬಿದ್ದ ಬೆಳಕಿನ ಶೇ 45ರಿಂದ 85ರಷ್ಟನ್ನು ಹಿಂದಕ್ಕೆ ಕೊಡುತ್ತದೆ. ಎರಡು ಪದರದ್ದು ಶೇ 18ರಿಂದ 30 ಮಾತ್ರ. ಎಕ್ಸ್‌ಬಾಕ್ಸ್ 360ರ ಆಟದ ಡಿಸ್ಕ್ ಎರಡು ಪದರದ್ದು. ಬೆಳಕು ಮಸಿಯ ಪೊರೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಮೊದಲೇ ಕಡಿಮೆ ಇದ್ದದ್ದು ಇನ್ನೂ ಕಡಿಮೆಯಾಗಿ ಡ್ರೈವ್ ಕೈಚೆಲ್ಲುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಲೆನ್ಸ್ ಒರೆಸಿ, ಕಂಬಿಯ ಹಳೆಯ ಗ್ರೀಸ್ ತೆಗೆದು ಹೊಸದನ್ನು ಹಚ್ಚಿದ ಮೇಲೆ, ಮೂಲ ಡ್ರೈವನ್ನು ಕನ್ಸೋಲಿಗೆ ಕೂರಿಸಿ ಆಟದ ಡಿಸ್ಕ್ ಹಾಕಿದೆ. ತುಸು ಹೊತ್ತು ತಿಣುಕಿ ಆಟದ ಹೆಸರು ತೆರೆಯ ಮೇಲೆ ಬಂತು. ಕೀ ಸರಿಯಿದೆ, ಬೋರ್ಡ್ ಜೀವಂತವಾಗಿದೆ ಎಂಬುದು ಆಗ ಖಚಿತವಾಯಿತು. ಆದರೆ ಅರ್ಧ ಗಂಟೆ ಆಡಿದ ಮೇಲೆ ಡ್ರೈವ್ ಬಿಸಿಯಾಗುತ್ತಿದ್ದಂತೆ ಮತ್ತೆ ಓದು ತಪ್ಪಿತು. ಲೇಸರ್ ಸೊರಗಿತ್ತು.

ಇಂಥ ಹೊತ್ತಿನಲ್ಲಿ ಲೇಸರ್ ಜೋಡಣೆಯ ಮೇಲಿರುವ ಸಣ್ಣ ತಿರುಗಣೆಯನ್ನು ತಿರುಗಿಸಿ ಕರೆಂಟ್ ಹೆಚ್ಚಿಸುವುದು ಹಲವರ ಅಭ್ಯಾಸ. ಅಂದಿಗೆ ಡಿಸ್ಕ್ ಓಡುತ್ತದೆ, ಗ್ರಾಹಕ ಸಂತೋಷದಿಂದ ಹೋಗುತ್ತಾನೆ, ಕೆಲವೇ ವಾರಗಳಲ್ಲಿ ಲೇಸರ್ ಪೂರ್ತಿ ಆರುತ್ತದೆ. ನಾನು ಅದನ್ನು ರಿಪೇರಿ ಎಂದು ಕರೆಯುವುದಿಲ್ಲ.

ಡಿಜಿ-16ಡಿ2ಎಸ್‌ಗೆ ಹೊಂದುವ ಲೇಸರ್ ಎಚ್‌ಒಪಿ-14ಎಕ್ಸ್‌ಎಕ್ಸ್. ಬೆಂಗಳೂರಿನಿಂದ ತರಿಸಿದೆ. ಬಂದ ತುಣುಕು ಹೊಸದೆಂದು ಪೊಟ್ಟಣದ ಮೇಲಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ರಿಬ್ಬನ್ ಸಿಕ್ಕಿಸುವ ಜಾಗದ ಬೆರಳಿನಂಥ ತಾಮ್ರದ ಪಟ್ಟಿಗಳ ಮೇಲೆ ಗೀರುಗಳಿದ್ದವು, ಕಂಬಿ ತೂರುವ ತೂತಿನ ಮೂಲೆಯಲ್ಲಿ ಹಳೆಯ ಗ್ರೀಸಿನ ಹಳದಿ ಉಳಿದಿತ್ತು. ಯಾವುದೋ ಡ್ರೈವಿನಿಂದ ಕಿತ್ತು ಒರೆಸಿದ್ದು. ವಾಪಸ್ ಕಳಿಸಿ ಇನ್ನೊಂದು ತರಿಸಿದೆ. ಅದರಲ್ಲಿ ಸ್ಥಿರವಿದ್ಯುತ್ತಿನಿಂದ ಕಾಪಾಡಲು ಕಾರ್ಖಾನೆಯಲ್ಲಿ ಹಾಕುವ ಬೆಸುಗೆಯ ಹನಿ ಹಾಗೇ ಇತ್ತು. ನಿಜವಾದ ಹೊಸದಕ್ಕೆ ಅದೇ ಸಾಕ್ಷಿ. ರಿಬ್ಬನ್ ಸಿಕ್ಕಿಸಿದ ಮೇಲೆ, ಕೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು ಆ ಹನಿಯನ್ನು ಕರಗಿಸಿ ತೆಗೆಯಬೇಕು. ಮರೆತರೆ ಲೇಸರ್ ಉರಿಯುವುದೇ ಇಲ್ಲ, ಮೊದಲೇ ತೆಗೆದರೆ ಬೆರಳ ತುದಿಯ ಸ್ಥಿರವಿದ್ಯುತ್ತಿಗೇ ಲೇಸರ್ ಬಲಿಯಾಗಬಹುದು.

ಪರೀಕ್ಷೆಗೆ ಬೇಕೆಂದೇ ಕಷ್ಟದ ಡಿಸ್ಕ್ ಆರಿಸಿದೆ. 2011ರಲ್ಲಿ ಮೈಕ್ರೋಸಾಫ್ಟ್ ಆಟದ ಡಿಸ್ಕಿನ ಸ್ವರೂಪವನ್ನೇ ಬದಲಿಸಿ ಎಕ್ಸ್‌ಜಿಡಿ3 ಎಂಬುದನ್ನು ತಂದಿತು. ಹಿಂದಿನದಕ್ಕಿಂತ ಸುಮಾರು ಒಂದು ಜಿಬಿ ಹೆಚ್ಚು ದತ್ತಾಂಶ ಅದರಲ್ಲಿ ಹಿಡಿಯುತ್ತದೆ. ಹಳೆಯ ಡಿಸ್ಕ್‌ಗಳಲ್ಲಿ ಪಾಸಾದ ಲೇಸರ್ ಇದರಲ್ಲಿ ಫೇಲಾಗುವುದನ್ನು ನೋಡಿದ್ದೇನೆ. ಅಣ್ಣನ ರಾಶಿಯಲ್ಲೇ ಅಂಥದೊಂದು ಸಿಕ್ಕಿತು. ಮಧ್ಯಾಹ್ನ ಹಾಕಿದ್ದು ಸಂಜೆಯವರೆಗೂ ಓಡಿತು. ಡ್ರೈವ್ ಬಿಸಿಯಾದರೂ ಓದು ತಪ್ಪಲಿಲ್ಲ. ಫರ್ಮ್‌ವೇರಿನ ಒಂದು ಬೈಟ್ ಕೂಡ ಬದಲಾಗಿರಲಿಲ್ಲ.

ಕಾಪಿ ಡಿಸ್ಕ್, ಕಾನೂನು, ಒಂದು ರಿಜಿಸ್ಟರ್

“ಹಾಗಾದರೆ ಕಾಪಿ ಡಿಸ್ಕ್ ಓಡುವ ಹಾಗೆ ಮಾಡಿಕೊಡುವುದಿಲ್ಲವೇ?” ಎಂದು ತಂದೆ ಕೇಳಿದರು. ದುರಾಸೆಯಿಂದ ಅಲ್ಲ, ಮೊದಲಿನವರು ಹೇಳಿದ್ದರಿಂದ. ಇಲ್ಲ ಎಂದೆ, ಕಾರಣವನ್ನೂ ಹೇಳಿದೆ. 2006ರಿಂದಲೇ ಇಂಥ ತಿದ್ದಿದ ಫರ್ಮ್‌ವೇರ್‌ಗಳು ಹರಿದಾಡಿದವು. 2009ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತಿದ್ದಿದ ಕನ್ಸೋಲ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತನ್ನ ಆನ್‌ಲೈನ್ ಸೇವೆಯಿಂದ ಹೊರಹಾಕಿತು. ಆಟ ಬರೆದವರ ದುಡಿಮೆಯನ್ನು ಕದಿಯುವ ಕೆಲಸಕ್ಕೆ ನನ್ನ ಬೆಂಚಿನಲ್ಲಿ ಜಾಗವಿಲ್ಲ.

ಹಾಗೆಂದು ರಿಪೇರಿಯನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವವರಿಗೆ ಎರಡು ವರ್ಷಗಳವರೆಗೆ ಸೆರೆ ಮತ್ತು ದಂಡ ವಿಧಿಸುತ್ತದೆ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮಾಡುವುದನ್ನು ಅದೇ ಕಲಮು ಹೊರಗಿಡುತ್ತದೆ. ಜೊತೆಗೆ, ಅಂಥ ಕೆಲಸಕ್ಕೆ ಇನ್ನೊಬ್ಬರಿಗೆ ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲೆಯಾಗಿ ಇಡಬೇಕು ಎನ್ನುತ್ತದೆ. ಆದ್ದರಿಂದ ಕೀ ಓದುವ ಪ್ರತಿ ಕೆಲಸಕ್ಕೂ ನನ್ನಲ್ಲಿ ರಿಜಿಸ್ಟರ್ ಇದೆ. ಕನ್ಸೋಲಿನ ಸರಣಿ ಸಂಖ್ಯೆ, ಡ್ರೈವಿನ ಮಾದರಿ, ಏಕೆ ಓದಿದೆ, ಯಾರು ಕೊಟ್ಟರು, ಅವರ ಸಹಿ. ಅಮೆರಿಕದಲ್ಲಿ 2021ರಲ್ಲಿ ಗೇಮ್ ಕನ್ಸೋಲಿನ ಡಿಸ್ಕ್ ಡ್ರೈವ್ ರಿಪೇರಿಗೆಂದು ರಕ್ಷಣೆಯನ್ನು ದಾಟಲು ವಿನಾಯಿತಿ ಸಿಕ್ಕಿತು, ಕೆಲಸ ಮುಗಿದ ಮೇಲೆ ಆ ರಕ್ಷಣೆಯನ್ನು ಮೊದಲಿನಂತೆ ಮಾಡಬೇಕೆಂಬ ಷರತ್ತಿನೊಂದಿಗೆ. ನನಗೆ ಆ ಷರತ್ತು ನ್ಯಾಯವಾಗಿ ಕಾಣುತ್ತದೆ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆದಿದೆ. ಒಂದು ಡ್ರೈವ್ ಕೆಟ್ಟರೆ ಇಡೀ ಕನ್ಸೋಲ್ ಗುಜರಿಗೆ ಹೋಗುವಂತೆ ಬೆಸೆದಿರುವ ಈ ಪದ್ಧತಿ ಆ ಚರ್ಚೆಯ ನಡುವೆ ಬರಲೇಬೇಕು.

ಏಕೆಂದರೆ ಇದು ಹಳೆಯ ಎಕ್ಸ್‌ಬಾಕ್ಸಿಗೆ ಮುಗಿದ ಕಥೆಯಲ್ಲ. ಎಕ್ಸ್‌ಬಾಕ್ಸ್ ಒನ್, ಪ್ಲೇಸ್ಟೇಷನ್ 4, ಪ್ಲೇಸ್ಟೇಷನ್ 5, ಎಲ್ಲದರಲ್ಲೂ ಡ್ರೈವಿನ ಬೋರ್ಡ್ ಮದರ್‌ಬೋರ್ಡಿಗೆ ಜೋಡಿಯಾಗಿದೆ. 2023ರಲ್ಲಿ ಬಂದ, ಡ್ರೈವನ್ನು ಕೈಯಿಂದಲೇ ಬಿಡಿಸಬಹುದಾದ ಪ್ಲೇಸ್ಟೇಷನ್ 5ಕ್ಕೂ ಹೊಸ ಡ್ರೈವ್ ಹಾಕಿದಾಗ ಒಮ್ಮೆ ಇಂಟರ್‌ನೆಟ್ ಮೂಲಕ ಜೋಡಿ ಮಾಡಿಸಿಕೊಳ್ಳಬೇಕು. ಆ ಸರ್ವರ್ ಇರುವವರೆಗೆ ಸರಿ. ಎಕ್ಸ್‌ಬಾಕ್ಸ್ 360ರ ತಯಾರಿಕೆ 2016ರಲ್ಲಿ ನಿಂತಿತು, ಅದರ ಆನ್‌ಲೈನ್ ಅಂಗಡಿ 2024ರ ಜುಲೈ 29ರಂದು ಮುಚ್ಚಿತು. ಆ ಕನ್ಸೋಲಿಗೆ ಹೊಸದಾಗಿ ಆಟ ಬೇಕೆಂದರೆ ಇನ್ನು ಬಹುಮಟ್ಟಿಗೆ ಡಿಸ್ಕೇ ಗತಿ, ಡಿಸ್ಕಿಗೆ ಡ್ರೈವೇ ಗತಿ.

ಕೊಟ್ಟು ಕಳಿಸಿದ್ದು

ಕನ್ಸೋಲನ್ನು ಮೂಲ ಡ್ರೈವಿನೊಂದಿಗೆ ಹಿಂತಿರುಗಿಸಿದೆ. ಓದಿಟ್ಟ ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಹುಡುಗಿಗೆ ಕೊಟ್ಟೆ, ಅಣ್ಣನಿಗೂ ಒಂದು ಪ್ರತಿ ಕಳಿಸಲು ಹೇಳಿದೆ. ಡ್ರೈವಿನ ಮುಚ್ಚಳದ ಒಳಬದಿಯಲ್ಲಿ ಮಾದರಿ, ಆವೃತ್ತಿ, ಲೇಸರ್ ಬದಲಿಸಿದ ತಿಂಗಳು, ‘ಬೋರ್ಡ್ ಮೂಲದ್ದು, ಫರ್ಮ್‌ವೇರ್ ತಿದ್ದಿಲ್ಲ’ ಎಂಬ ಸಾಲು ಬರೆದ ಚೀಟಿ ಅಂಟಿಸಿದ್ದೇನೆ. ಮುಂದೆ ಇದನ್ನು ಯಾರು ಬಿಚ್ಚಿದರೂ ಊಹೆ ಮಾಡಬೇಕಾಗಿಲ್ಲ. ಕನ್ಸೋಲನ್ನು ಭಟ್ಟಿಯ ಕಡೆಯ ಕಿಟಕಿಯಿಂದ ಒಳಕೋಣೆಗೆ ಸರಿಸಿ, ಆಡದಿರುವಾಗ ಬಟ್ಟೆ ಮುಚ್ಚಿ, ಆಡುವಾಗ ತಪ್ಪದೆ ತೆಗೆಯಿರಿ ಎಂದೆ.

ಬೆನ್‌ಕ್ಯೂ ಡ್ರೈವ್ ಉಳಿಯಿತು. ಅದರ ಜೋಡಿಯ ಮದರ್‌ಬೋರ್ಡ್ ಇನ್ನೂ ಮೊದಲಿನ ರಿಪೇರಿಯವರ ಅಂಗಡಿಯಲ್ಲೇ ಇದ್ದರೆ ಎರಡೂ ಸೇರಿ ಮತ್ತೊಂದು ಕನ್ಸೋಲ್ ಏಳಬಹುದು. ಡ್ರೈವಿಗೆ ಅದರ ಸ್ವಂತ ಕೀ ಹಾಗೇ ಇದೆ ಎಂದು ಚೀಟಿ ಬರೆದು, ತಂದೆಯ ಕೈಯಲ್ಲಿ ಅಲ್ಲಿಗೇ ಕಳಿಸಿಕೊಟ್ಟೆ.